ಚೀಟಿಗೆ ನಕ್ಕ ಭಾನುವಾರ

ಸೋಮವಾರ, ಮಾರ್ಚ್ ೧೮
ಬೈಂಡಿಂಗ್ ಮೇಜಿನಿಂದ

ನನ್ನ ಬಾಲಂಗೋಚಿಗೆ,

ಅಪ್ಪನ ಮುತ್ತುಗಳು. ಮದುವೆಯಾದ ಮಗಳನ್ನು ಬಾಲಂಗೋಚಿ ಅಂತ ಕರೀತಾನೆ ಮುದುಕ ಅಂತ ಸಿಟ್ಟಾಗಬೇಡ. ಅಂಗಿ ತುದಿ ಹಿಡಿದು ಅಂಗಡಿ ತುಂಬ ನನ್ನ ಹಿಂದೆ ಅಲೆದವಳು ನೀನೇ.

ಕಾಗದ ತಡವಾಯಿತು, ಕ್ಷಮಿಸು. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಹರಿದು, ಪಟ್ಟಿ ಮಾಡಿ, ಹಳೇ ಹಾಡಿನ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸಿಬಿಟ್ಟೆ. ಈಗ ಯಾರ್ಯಾರದೋ ಮನೆಯ ಪುಸ್ತಕದ ಬೆನ್ನೊಳಗೆ ನಿನ್ನ ಅಪ್ಪನ ಸಂಕಟ ಕೂತಿದೆ. ಅವರು ಹಾಡಿಕೊಳ್ಳಲಿ ಬಿಡು.

ನನ್ನ ಸುದ್ದಿ ಇಷ್ಟೇ. ಹಲ್ಲು ಇನ್ನೆರಡು ಹೋದವು, ಹಲ್ಲು ಕಿರಿಯುವ ಚಟ ಉಳಿದಿದೆ. ಮಂಡಿ ಊರಲು ಆಗುವುದಿಲ್ಲ, ದೇವರ ಮುಂದೆ ಮಂಡಿಸುವುದನ್ನೆಲ್ಲ ಕೂತೇ ಮಂಡಿಸುತ್ತೇನೆ. ಹೊಸ ಪಾದ್ರಿಗಳು ಒಳ್ಳೆಯವರು. ಆದರೆ ಉಪದೇಶ ಅಂದಮೇಲೆ ಒಂದು ಚಿಕ್ಕ ದೇಶವಾಗಿರಬೇಕು ತಾನೇ? ಇವರದು ಖಂಡ. ದಾಟುವಷ್ಟರಲ್ಲಿ ಅರ್ಧ ಸಭೆ ನಿದ್ದೆ.

ಅಳಿಯಂದಿರು ಹೋದ ತಿಂಗಳು ಅಂಗಡಿಗೆ ಫೋನ್ ಮಾಡಿದ್ದರು. ನಿನಗೆ ಹೇಳಿರಲಿಕ್ಕಿಲ್ಲ.

"ಮಾವ, ಅವಳು ಊಟಕ್ಕೆ ಕೂರ್ತಾಳೆ, ಉಣ್ಣಲ್ಲ. ನನ್ನ ಮುಖ ನೋಡಿ ಮಾತಾಡಲ್ಲ. ಚರ್ಚಿಗೆ ಕರೆದ್ರೆ, ದೇವರ ಮುಂದೆ ನಿಲ್ಲೋ ಮುಖ ನನಗಿಲ್ಲ ಅಂತಾಳೆ. ಮಗು ಹೋಗಿದ್ದು ನನ್ನಿಂದಾನೇ ಅಂತಾಳೆ. ನೀವಾದ್ರೂ ಸ್ವಲ್ಪ ನಗಿಸಿ, ಮಾವ."

"ಆಯ್ತು, ಆಯ್ತು" ಅಂದೆ. ನಗಿಸುವುದಕ್ಕೆ ಫೋನ್ ಮಾಡಿದೆ. ನೀನು "ಹೂಂ" ಅಂದೆ, ನಾನು "ಹಾಂ" ಅಂದೆ. ಹನ್ನೊಂದು ತಿಂಗಳಿಂದ ನಮ್ಮಿಬ್ಬರ ಮಾತುಕತೆ ಒಂದೊಂದೇ ಅಕ್ಷರದ್ದು.

ನಮ್ಮ ಚರ್ಚಿನ ಪ್ರಾರ್ಥನೆ ಪೆಟ್ಟಿಗೆ ಗೊತ್ತಲ್ಲ, ಹೆಸರು ಹಾಕದೆ ಚೀಟಿ ಬರೆದು ಹಾಕುವುದು, ಪಾದ್ರಿಗಳು ಒಂದೊಂದಾಗಿ ಓದುವುದು, ಎಲ್ಲರೂ ಸೇರಿ ಅದಕ್ಕಾಗಿ ಪ್ರಾರ್ಥಿಸುವುದು. ನಲವತ್ತು ವರ್ಷ ನಾನು ಅದರೊಳಗೆ ನಡೆಸಿದ ಕಿತಾಪತಿಯೂ ಗೊತ್ತು. "ಹಾರ್ಮೋನಿಯಂ ಟೀಚರಿಗೆ ಬೇಗ ಶ್ರುತಿ ಸಿಗಲಿ, ಸಿಗುವ ತನಕ ನಮಗೆ ಕಿವುಡು ಬರಲಿ." "ಮುಂದಿನ ಬೆಂಚಿನ ಗೊರಕೆಗೂ ಹಿಂದಿನ ಬೆಂಚಿನ ಗೊರಕೆಗೂ ತಾಳ ಕೂಡಲಿ." ಹೆಸರೇ ಬೇಡ, ನನ್ನ ಚೀಟಿ ಅಂದರೆ ಪಾದ್ರಿಗಳು ಬಿಡಿಸುವಾಗಲೇ ಮುಸಿಮುಸಿ ಶುರು.

ಮೂರು ವಾರದ ಹಿಂದೆ ಒಂದು ನಿಜವಾದ ಚೀಟಿ ಹಾಕಿದೆ. ಜೀವಮಾನದಲ್ಲಿ ಮೊದಲನೆಯದು. ಬರೆದದ್ದು ಇಷ್ಟು: "ಕರ್ತನೇ, ಇದನ್ನು ಬರೆದ ಮುದುಕನ ಬಾಯಿಗೆ ಬೀಗ ಹಾಕು. ಕೀಲಿ ನಿನ್ನ ಹತ್ತಿರವೇ ಇರಲಿ."

ಪಾದ್ರಿಗಳು ಓದಿದರು. ಚರ್ಚು ಬಿದ್ದು ಬಿದ್ದು ನಕ್ಕಿತು. ಗಂಟೆ ಹೊಡೆಯುವ ನಮ್ಮ ಢಣಢಣ ಎದ್ದು ನಿಂತು, "ದೇವ್ರೇ, ಇದೊಂದು ಪ್ರಾರ್ಥನೆ ಇವತ್ತೇ ಕೇಳಿಸ್ಕೊಂಡ್ಬಿಡು!" ಅಂದ. ಇನ್ನಷ್ಟು ನಗು. ಜೊತೆಗೆ ನಗೋಣ ಅಂತ ನಾನೂ ಬಾಯಿ ತೆರೆದೆ. ಬಂದದ್ದು ಬೇರೆ ಸದ್ದು, ಮಗಳೇ. ಅದನ್ನೂ ನಾಟಕ ಅಂದುಕೊಂಡು ಇನ್ನೂ ಜೋರಾಗಿ ನಕ್ಕರು. ತಪ್ಪು ಅವರದಲ್ಲ, ಹಾಗೆ ಅಭ್ಯಾಸ ಮಾಡಿಸಿದವನು ನಾನು. ಕೊನೆಗೆ ಹಾರ್ಮೋನಿಯಂ ಟೀಚರು ಬೆಂಚು ದಾಟಿ ಬಂದು ನನ್ನ ಭುಜ ಹಿಡಿದುಕೊಂಡಾಗಲೇ ಒಬ್ಬೊಬ್ಬರಾಗಿ ಸುಮ್ಮನಾದದ್ದು.

ಪಾದ್ರಿಗಳು ಕೆಳಗಿಳಿದು ಬಂದು ಪಕ್ಕದಲ್ಲಿ ಕೂತರು. ಆವತ್ತು ಉಪದೇಶವೇ ಇಲ್ಲ. "ತಾತ, ನಾವೆಲ್ಲ ನಕ್ಕುಬಿಟ್ವಿ. ಮೇಲಿರೋನು ನಗಲಿಲ್ಲ. ಅಷ್ಟು ನಂಬಿ" ಅಂದರು. ಏನಾಯಿತು ಅಂತ ಕೇಳಲಿಲ್ಲ.

ಆರಾಧನೆ ಮುಗಿದಮೇಲೆ ಢಣಢಣ ನನ್ನ ತೋಳು ಹಿಡಿದು ಚರ್ಚಿನ ಹಿಂದಕ್ಕೆ ಎಳೆದುಕೊಂಡು ಹೋದ. ನಿನ್ನಮ್ಮನ ಪಕ್ಕದಲ್ಲಿ ಮಗುವನ್ನು ಮಲಗಿಸಿದ ದಿನದಿಂದ ನಾನು ಅಲ್ಲಿನ ಸಮಾಧಿಗಳ ಗೇಟು ದಾಟಿರಲಿಲ್ಲ. ಕಾಡು ಬೆಳೆದಿರುತ್ತದೆ ಅಂದುಕೊಂಡಿದ್ದೆ. ಒಂದು ಎಳೆ ಹುಲ್ಲಿಲ್ಲ. ಸುತ್ತ ಬಿಳಿ ಕಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು.

"ಯಾರೋ ಮಾಡಿದ್ದು?" ಅಂದೆ.

"ಬೆಳಗಿನ ಗಂಟೆ ಹೊಡೆದ ಮೇಲೆ ನನಗೇನು ಕೆಲ್ಸ? ಬಂದು ಹುಲ್ಲು ಕೀಳ್ತೀನಿ."

"ಹೇಳಬಾರದಿತ್ತೇನೋ?"

"ನಿಂಗೆ ಹೇಳಿದ್ರೆ ಅದಕ್ಕೂ ಒಂದು ಜೋಕ್ ಕಟ್ತಿದ್ದೆ. ಕೂತ್ಕೋ. ನಲವತ್ತು ವರ್ಷ ನಗಿಸಿದ್ದೀಯ, ಒಂದಿನ ಅತ್ರೆ ಚರ್ಚೇನು ಬಿದ್ದೋಗಲ್ಲ."

ಮಣ್ಣಿನ ಮೇಲೆ ಕೂತೆ. ಅವನೂ ಕೂತ. ನಾನು ಅತ್ತೆ, ಅವನೂ ಅತ್ತ. ಯೇಸು ಸತ್ತ ಗೆಳೆಯನನ್ನು ಬದುಕಿಸುವ ಮುಂಚೆ ಅವನ ಸಮಾಧಿ ಮುಂದೆ ಅತ್ತ ಕಥೆ ಕೇಳಿದಾಗಲೆಲ್ಲ ನಾನು ಕೀಟಲೆ ಮಾಡುತ್ತಿದ್ದೆ: ಇನ್ನೆರಡು ನಿಮಿಷದಲ್ಲಿ ಎಬ್ಬಿಸುವವನಿಗೆ ಅಳು ಯಾಕಪ್ಪಾ ಅಂತ. ಆವತ್ತು ಹೊಳೆಯಿತು. ಮೊದಲು ಪಕ್ಕದಲ್ಲಿ ಕೂತು ಅಳದೆ ಹೋಗಿದ್ದರೆ, ಎಬ್ಬಿಸುತ್ತೇನೆ ಅಂದವನನ್ನು ಯಾರು ನಂಬುತ್ತಿದ್ದರು? ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ. ನಮ್ಮ ಮಗು ಅವನ ಕೈಯಲ್ಲಿದೆ ಅಂತ ಸಮಾಧಾನಕ್ಕೆ ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ.

ಕೂತವನಿಗೆ ಏಳಲು ಆಗಲಿಲ್ಲ, ಅದು ಬೇರೆ. ನನ್ನ ಪುನರುತ್ಥಾನಕ್ಕೆ ಢಣಢಣನ ಜೊತೆ ಪಾದ್ರಿಗಳೂ ಬಂದು ಎಳೆಯಬೇಕಾಯಿತು.

ಅಂದಿನಿಂದ ದಿನಾ ಹೋಗುತ್ತೇನೆ. ನೋವು ಹೋಯಿತಾ ಅಂದರೆ ಇಲ್ಲ. ಆದರೆ ಈಗ ಅದರ ಜೊತೆ ನಾನೊಬ್ಬನೇ ಇಲ್ಲ. ನೀನಿರುವೆ ಒಬ್ಬಳೇ, ಅದೇ ನನಗೆ ತಡೆಯಲಾಗುತ್ತಿಲ್ಲ. ಬರುವ ಭಾನುವಾರ ಇಬ್ಬರೂ ಬನ್ನಿ. ಚರ್ಚಿನೊಳಗೆ ಬರಲೇಬೇಕೆಂದಿಲ್ಲ, ಹಿಂದಿನ ಗೇಟಿನ ತನಕ ಬಾ. ನಾನು ಅಲ್ಲಿರುತ್ತೇನೆ. ನಗಿಸುವುದಿಲ್ಲ, ಮಾತು ಕೊಡುತ್ತೇನೆ.

ಕರ್ತನ ಕೈ ನಿನ್ನ ತಲೆಯ ಮೇಲಿರಲಿ, ಊಟದ ತಟ್ಟೆ ಖಾಲಿಯಾಗಲಿ, ನಿದ್ದೆ ಬರಲಿ.

ಇಂತೀ,
ನಿನ್ನ ಅಪ್ಪ

ಸಹಿಯ ಕೆಳಗೆ, ಮರೆತದ್ದು ಅಂತ, ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ. ಆ ದಿನ ಬೆಳಿಗ್ಗೆ ನೀನು ಫೋನ್ ಮಾಡಿ, "ಅಪ್ಪಾ, ಮಗು ಒದೀತಿಲ್ಲ, ಆಸ್ಪತ್ರೆಗೆ ಹೋಗ್ಲಾ?" ಅಂದೆ. ನಾನು ಅಂಟು ಕಲಸುತ್ತಿದ್ದೆ. "ನನ್ನ ಮೊಮ್ಮಗು ಕಣೇ, ಕಣ್ಣಾಮುಚ್ಚಾಲೆ ಆಡ್ತಿದೆ, ಸಂಜೆಗೆ ತಾನೇ ಸಿಗುತ್ತೆ ಬಿಡು" ಅಂದು ನಕ್ಕೆ. ನೀನೂ ನಕ್ಕೆ. ನನ್ನ ಮಾತು ನಂಬಿ ಸಂಜೆ ತನಕ ಕಾದೆ. ಆಸ್ಪತ್ರೆಯ ವರಾಂಡದಲ್ಲಿ ಅಳಿಯಂದಿರು "ಯಾಕೆ ಇಷ್ಟು ಹೊತ್ತು ಕಾದೆ?" ಅಂತ ಕೇಳಿದಾಗ, ನೀನು ನನ್ನನ್ನು ಒಂದು ಸಲ ನೋಡಿ, "ಏನೂ ಆಗಲ್ಲ ಅಂತ ನಾನೇ ಅಂದ್ಕೊಂಡೆ" ಅಂದೆ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಅಂದರು ಡಾಕ್ಟರು. ಆ ಹೇಳಲಾಗದ್ದನ್ನು ಹನ್ನೊಂದು ತಿಂಗಳು ನೀನೊಬ್ಬಳೇ ಹೊತ್ತೆ, ನನ್ನ ಪಾಲನ್ನೂ ಸೇರಿಸಿ. ಕೆಳಗಿಡು, ಮಗಳೇ. ಈ ಕಾಗದವನ್ನು ಅಳಿಯಂದಿರ ಕೈಗೆ ಕೊಡು, ಅವರೇ ಓದಲಿ. ತಡ ಮಾಡಿದ್ದು ನೀನಲ್ಲ, ನಾನು.