ಎರಡು ಕೀಲಿನ ಮೊಣಕೈ

ಫರ್ಗಸ್,

ನೀನು ತೀರಿಕೊಂಡು ಐದು ತಿಂಗಳಾಯಿತು. ಇವತ್ತು ಹೋಬಾರ್ಟಿನ ನಮ್ಮ ಗೊಂಬೆ ಸಂಗ್ರಾಹಕರ ಸಭೆಯಲ್ಲಿ, ಗೊಂಬೆಯ ಮೊಣಕೈಗೆ ಒಂದು ಕೀಲು ಸಾಕೋ ಎರಡು ಬೇಕೋ ಎಂದು ಮತ್ತೆ ವಾದ ಎದ್ದಿತು. ಹೊಸಬಳಾದ ಮಾರ್ನಿ, ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಸೈನಿಕನ ಗೊಂಬೆಯೊಂದನ್ನು ಮೇಜಿನ ಮೇಲಿಟ್ಟಳು. ಅದು ನೀನು ಕೈಯಾರೆ ಎರಡೆರಡು ಕೀಲು ಕೂರಿಸಿದ ಗೊಂಬೆ. ಅದರ ಕೈ ಹೆಗಲು ಮುಟ್ಟುವಷ್ಟು ಮಡಚಿಕೊಂಡಿತು.

ನೀನು ಅದನ್ನು ಸಭೆಯಲ್ಲಿ ಮೊದಲು ತೋರಿಸಿದ ದಿನ, "ಕೈ ಮುರ್ಕೊಂಡವನ ಥರ ಇದ್ದಾನೆ ಕಣೋ" ಎಂದು ನಾನು ಎಲ್ಲರನ್ನೂ ನಗಿಸಿದ್ದೆ. ಗೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ ನೀನು ಮತ್ತೆ ಬರಲಿಲ್ಲ.

"ಯಾರು ಮಾಡಿದ್ದು ಇದನ್ನ?" ಮಾರ್ನಿ ಕೇಳಿದಳು.

"ಫರ್ಗಸ್ ಅಂತ. ಇಲ್ಲಿಗೇ ಬರ್ತಿದ್ದ."

"ಮತ್ತೆ ಯಾಕೆ ಬಿಟ್ರು?"

"ಮನೆ ದೂರ ಆಗ್ತಿತ್ತು," ಎಂದೆ.

ನಾವು ಕೂತಿದ್ದ ಕಿಟಕಿಯಿಂದ ನಿನ್ನ ಮನೆಯ ಬಾಗಿಲು ಕಾಣುತ್ತಿತ್ತು.