ಹಾಲುಬಂಡೆಯಲ್ಲಿ ನಾನು ಸಾಕು ಎನ್ನಲಿಲ್ಲ

ಆಷಾಢದ ನಲವತ್ತೊಂದನೆಯ ದಿನ, ಇಸವಿ ೨೩೧೪

ಮುನ್ನೂರು ವರ್ಷದ ಹಿಂದೆ ಜಲಪಾತ ನೋಡಲು ಹೊರಟಿರುವ ಹಿರಿಯರಿಗೆ ವಸುಮತಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಮಳೆ ಬೀಳುವವರೆಗೆ ನಾವು ಆಷಾಢವನ್ನು ಮುಗಿಸುವುದಿಲ್ಲ. ಒಂದು ವರ್ಷ ಅದು ತೊಂಬತ್ತು ದಿನ ಎಳೆದಿತ್ತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳಬೇಕಾದದ್ದು ಬೇರೆಯೂ ಇದೆ, ಅದನ್ನು ಹೇಳಲೆಂದೇ ಕೂತಿದ್ದೇನೆ.

ನಮ್ಮ ಕಾಲದಲ್ಲಿ ಜಲಪಾತ ತಾನಾಗಿ ಬೀಳುವುದಿಲ್ಲ. ಹಾಲುಬಂಡೆ ಎಂಬ ಊರಿನವರು ಗುಡ್ಡದ ನೆತ್ತಿಯಲ್ಲಿ ಮಂಜುಬಲೆ ಕಟ್ಟುತ್ತಾರೆ. ಬೆಳಗಿನ ಮಂಜನ್ನು ಹಿಡಿದು ಹನಿಯಾಗಿಸುವ ಬಲೆ ಅದು. ಆ ಹನಿಗಳು ಕಲ್ಲುತೊಟ್ಟಿಗೆ ಇಳಿಯುತ್ತವೆ. ಊರಿಗೆ ಕುಡಿಯುವ ನೀರು ಅಷ್ಟೇ. ತಲೆಗೆ ದಿನಕ್ಕೆ ಎರಡು ಚೊಂಬು. ಬಾಯಿ ಮುಕ್ಕಳಿಸಿದ ನೀರನ್ನೂ ಸೊಪ್ಪಿನ ಮಡಿಗೇ ಉಗುಳುತ್ತಾರೆ. ಆದರೂ ಜಲಪಾತ ಹೇಗಿರುತ್ತದೆಂದು ಜನ ಮರೆಯಬಾರದೆಂದು ಅವರೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಯಾರೇ ಪ್ರವಾಸಿ ಬರಲಿ, ಜೀವನದಲ್ಲಿ ಒಮ್ಮೆ ನೋಟದ ಪಾಳಿ ಸಿಗುತ್ತದೆ, ಅಂದರೆ ಅವರಿಗಾಗಿ ತೊಟ್ಟಿಯ ತೂಬು ತೆರೆದು ಹಳೆಯ ಬಂಡೆಯ ಮೇಲೆ ನೀರು ಬಿಡುತ್ತಾರೆ. ಬಿದ್ದ ನೀರು ಕೆಳಗಿನ ಬಿರುಕಿನೊಳಗೆ ಇಳಿದುಹೋಗುತ್ತದೆ, ಮತ್ತೆ ಸಿಗದು. ಊಟ ಬಡಿಸುವವರ ಹಾಗೆ, ಬಂದವರು ಸಾಕು ಎನ್ನುವವರೆಗೆ ತೂಬು ಕಾಯುವ ನೀರಗಂಟಿ ಅದನ್ನು ಮುಚ್ಚುವಂತಿಲ್ಲ. ನೂರು ಎಣಿಸುವಷ್ಟರಲ್ಲಿ ಎಲ್ಲರೂ ಸಾಕು ಎನ್ನುತ್ತಾರೆ. ನನಗೂ ಅದು ಗೊತ್ತಿತ್ತು.

ನೀರಗಂಟಿ ಕೆಂಪಾಜಮ್ಮನಿಗೆ ಅರವತ್ತು ದಾಟಿರಬೇಕು. ನನ್ನ ಪಾಳಿಗೆಂದು ಹೋದಾಗ ನನ್ನನ್ನು ಕಂಡು ನಕ್ಕರು. "ಊರಿಗೆ ಬಂದೋಳು ನೀರಿಗೆ ಬರ್ದೆ ಇದ್ದಾಳಾ? ಕಣ್ತುಂಬ ನೋಡವ್ವ. ನೀನು ಸಾಕು ಅನ್ನೋಗಂಟ ನಾನು ಮುಚ್ಚಕಿಲ್ಲ," ಎಂದು ತೂಬಿನ ಚಕ್ರ ತಿರುಗಿಸಿದರು.

ನೀರು ಬಿತ್ತು. ಸದ್ದು ಎದೆಗೆ ಬಡಿಯಿತು, ತುಂತುರು ಮುಖಕ್ಕೆ ಹಾರಿತು, ನಾನು ಹುಚ್ಚಿಯಂತೆ ಅತ್ತೆ. ನೂರಾಯಿತು, ಇನ್ನೂರಾಯಿತು. ಕೆಂಪಾಜಮ್ಮ ಚಕ್ರದ ಮೇಲೆ ಕೈಯಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದರು. ನನಗೆ ಕಾಣಿಸಲಿಲ್ಲವೆಂದು ಬರೆದರೆ ನನ್ನ ಕೈ ಬಿದ್ದುಹೋಗಲಿ. ಕಂಡಿತು. ಇನ್ನೊಂದೇ ಗಳಿಗೆ, ಇನ್ನೊಂದೇ ಗಳಿಗೆ ಎಂದುಕೊಂಡೆ. ಎರಡು ತಿಂಗಳ ಹನಿ ಅದು. ತೊಟ್ಟಿ ಬರಿದಾಗಿ ನೀರು ತಾನಾಗಿ ನಿಂತಾಗಲೇ ನನಗೆ ಎಚ್ಚರ. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಬಯ್ದಿದ್ದರೆ ಚೆನ್ನಾಗಿತ್ತು. ಅವರು ಬಯ್ಯಲಿಲ್ಲ. ಬಿಸಿಲಲ್ಲಿ ಹೊರಟವಳನ್ನು ಬರಿಬಾಯಲ್ಲಿ ಕಳಿಸಬಾರದೆಂದು ಮನೆಗೆ ಕರೆದೊಯ್ದರು. ಸೊಸೆ ಮಡಕೆ ಬಗ್ಗಿಸಿ ಒಂದು ಚೊಂಬು ನೀರು ಕೊಟ್ಟಳು. ನನಗೆ ಬಾಯಾರಿತ್ತು, ಪೂರ್ತಿ ಕುಡಿದೆ. ಮಡಕೆಯ ತಳದಲ್ಲಿ ಉಳಿದಿದ್ದನ್ನೂ ಸುರಿಯಲು ಅವಳು ಬಗ್ಗಿದಾಗ, ಸಾಕು ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಆಗ.

ಆಷಾಢ ಇನ್ನೂ ಮುಗಿದಿಲ್ಲ. ಈ ಸಲ ಮಂಜೂ ತೆಳ್ಳಗಿದೆಯಂತೆ. ಅವರು ಏನು ಕುಡಿಯುತ್ತಿದ್ದಾರೆಂದು ವಿಚಾರಿಸಲು ನನಗೆ ಮುಖವಿಲ್ಲ.

ನಿಮ್ಮ ಜಲಪಾತಕ್ಕೆ ತೂಬಿಲ್ಲ, ನಿಮ್ಮ ತುಟಿ ನೋಡುತ್ತ ನಿಲ್ಲುವವರೂ ಇಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ. ನಾಳೆ ಅಲ್ಲಿಗೆ ಹೋದಾಗ ಕಣ್ತುಂಬ ನೋಡಿ. ಆಮೇಲೆ ಒಮ್ಮೆ ಬಾಯಿಬಿಟ್ಟು ಸಾಕು ಎನ್ನಿ. ಪಕ್ಕದವರು ನಕ್ಕರೆ ನಗಲಿ. ನಿಮ್ಮ ಮಕ್ಕಳು ಕೇಳಿಸಿಕೊಂಡರೆ, ಆ ಮಾತು ಮಕ್ಕಳಿಂದ ಮೊಮ್ಮಕ್ಕಳಿಗೆ ದಾಟುತ್ತ ಹೇಗೋ ನನ್ನ ತನಕ ಬಂದೀತು.