ಮುಂದಿನ ಗಾಲಿಯ ಬೇರಿಂಗ್

ಮನೂರ್
ಮಾರ್ಚ್ ೯, ಭಾನುವಾರ

ಚಿರಂಜೀವಿ ಬಾಲರಾಜನಿಗೆ ನಿನ್ನ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೀಯೋ ಇಲ್ಲವೋ? ತಾಂಡೂರಿನ ಕಲ್ಲಿನ ಧೂಳು ಎದೆಗೆ ಒಳ್ಳೆಯದಲ್ಲ, ಪಾಲಿಶ್ ಮಷೀನಿನ ಹತ್ತಿರ ನಿಲ್ಲುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ನಿಮ್ಮವ್ವನ ಕೈಯ ಪ್ಲಾಸ್ಟರ್ ತೆಗೆದು ಹತ್ತು ದಿನವಾಯಿತು. ಬೆರಳು ಮಡಚುತ್ತಾಳೆ, ಲೋಟ ಹಿಡಿಯುತ್ತಾಳೆ. ರೊಟ್ಟಿ ಬಡಿಯಲು ಮಾತ್ರ ಇನ್ನೂ ಆಗುತ್ತಿಲ್ಲ, ಅದನ್ನು ನಾನೇ ಮಾಡುತ್ತಿದ್ದೇನೆ. ನನ್ನ ರೊಟ್ಟಿ ಹಾಕಿದರೆ ನಮ್ಮ ಹಟ್ಟಿಯ ನಾಯಿ ಮೊದಲು ನನ್ನ ಮುಖ ನೋಡಿ ಆಮೇಲೆ ಬಾಯಿ ಹಾಕುತ್ತದೆ. ನೀನು ನಿಮ್ಮವ್ವನ ಫೋನ್ ಎತ್ತುತ್ತೀಯ, ನನ್ನದು ಎತ್ತುವುದಿಲ್ಲ. ಏಳು ವಾರ ರಿಂಗ್ ಕೊಟ್ಟು ಕೊಟ್ಟು ಸಾಕಾಗಿ ಇವತ್ತು ಕಾಗದ ಹಿಡಿದು ಕೂತಿದ್ದೇನೆ.

ಸಂಕ್ರಾಂತಿಯ ಮರುವಾರ ನೀನು ನಿಮ್ಮವ್ವನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ನಾರಾಯಣಖೇಡಕ್ಕೆ ಹೋಗುವಾಗ ತಿರುವಿನಲ್ಲಿ ಬಿದ್ದಿರಿ. ಅವಳ ಕೈ ಮುರಿಯಿತು. ಆಸ್ಪತ್ರೆಯ ಬಾಗಿಲಲ್ಲಿ, ನಮ್ಮ ಬಳಗದವರೆಲ್ಲ ನಿಂತಿರುವಾಗ, ನಾನು ನಿನ್ನ ಕೆನ್ನೆಗೆ ಹೊಡೆದೆ. "ಕಣ್ಣು ಮುಚ್ಚಿ ಓಡಸ್ತೀಯೇನು? ಇನ್ನ ಮ್ಯಾಲ ಗಾಡಿ ಮುಟ್ಟಬ್ಯಾಡ" ಎಂದೆ. ಇಪ್ಪತ್ನಾಲ್ಕು ವರ್ಷದ ಮಗ, ನೀನು ಮರುದಿನವೇ ತಾಂಡೂರಿನ ದಾರಿ ಹಿಡಿದೆ. ಬೀಳುವ ಮೊದಲು ಎರಡು ಸಲ ನೀನು ನನಗೆ ಹೇಳಿದ್ದೆ, "ಅಪ್ಪಾ, ಹ್ಯಾಂಡಲ್ ನಡಗ್ತದ, ಮುಂದಿನ ಗಾಲಿ ಒಮ್ಮೆ ತೋರಿಸಮು" ಅಂತ. "ಗಾಲಿ ಅಲ್ಲ, ನಿನ್ನ ಕೈ ನಡಗ್ತದ" ಎಂದು ಬಾಯಿ ಮುಚ್ಚಿಸಿದವನು ನಾನೇ.

ಈಗ ಸುದ್ದಿ ಕೇಳು. ನೀನು ಹೋದ ಮೇಲೆ ಗಾಡಿ ಮೂಲೆಯಲ್ಲೇ ನಿಂತಿತ್ತು. ಮೊನ್ನೆ ಕುರಿಗೆ ಔಷಧಿ ತರಬೇಕೆಂದು ನಾನೇ ಹೊರಟೆ. ಊರು ದಾಟುವಷ್ಟರಲ್ಲಿ ಹ್ಯಾಂಡಲ್ ಕೈಯಲ್ಲಿ ನಿಲ್ಲಲಿಲ್ಲ, ಮುಂದೆ ಬೀಸುವ ಕಲ್ಲಿನ ಹಾಗೆ ಗರಗರ ಸದ್ದು. ನಡೆದವನಿಗಿಂತ ನಿಧಾನವಾಗಿ ನಾರಾಯಣಖೇಡ ಮುಟ್ಟಿ, ನಿನ್ನ ಜೊತೆ ಶಾಲೆ ಓದಿದ ಕ್ರಾಂತಿಕುಮಾರನ ಮೆಕ್ಯಾನಿಕ್ ಅಂಗಡಿಗೆ ಹೋದೆ. ಅವನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಮುಂದಿನ ಟೈರನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿದ. ಸಡಿಲ ಹಲ್ಲಿನ ಹಾಗೆ ಕಟಕಟ ಅಂದಿತು. ಗಾಲಿ ಬಿಚ್ಚಿ, ಒಳಗೆ ಕಬ್ಬಿಣದ ಸಲಾಕೆ ಇಟ್ಟು ಬಡಿದು ಹಳೆಯ ಬೇರಿಂಗ್ ಹೊರಗೆ ತೆಗೆದ. ಗ್ರೀಸಿನ ಬದಲು ಕೆಂಪು ತುಕ್ಕಿನ ನೀರು ಇಳಿಯಿತು, ಹಿಂದೆಯೇ ತುಂಡಾದ ಗುಂಡುಗಳು ಉದುರಿದವು. ಅವನು ಬೆರಳಿನಿಂದ ಆ ರಾಡಿಯನ್ನು ಮುಟ್ಟಿ, "ಕಾಕಾ, ಗಾಡಿ ಎಲ್ಲಿ ತೊಳಿತೀರಿ?" ಎಂದು ಕೇಳಿದ.

ಎಲ್ಲಿ ತೊಳೆಯುತ್ತೇನೆಂದು ನಿನಗೆ ಗೊತ್ತಲ್ಲ. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಕೆರೆಗೆ ಇಳಿಸಿ ತೊಳೆಯುವಾಗ ಗಾಡಿಯನ್ನೂ ಇಳಿಸುತ್ತಿದ್ದೆ, ಗಾಲಿ ಅರ್ಧ ಮುಳುಗುವವರೆಗೆ. ಕುರಿಗಳೆಲ್ಲ ಮುಗಿಯುವ ತನಕ ಅದು ನೀರಲ್ಲೇ ನಿಂತಿರುತ್ತಿತ್ತು. ಮಾಣಿಕಪ್ಪನ ಗಾಡಿ ಕನ್ನಡಿ ಇದ್ದಂಗ ಅದ ಎಂದು ಜನ ಅಂದರೆ ನಾನು ಮೀಸೆ ತಿರುವುತ್ತಿದ್ದೆ. ಕ್ರಾಂತಿಕುಮಾರ ನಕ್ಕ. "ಕುರಿ ದಡಕ್ ಬಂದು ಮೈ ಝಾಡಿಸ್ತಾವ್ರಿ ಕಾಕಾ. ಗಾಲಿ ಹ್ಯಾಂಗ ಝಾಡಿಸಬೇಕ್ರಿ?" ಎಂದ. ನನಗೆ ನಗು ಬರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನಿನ್ನ ಕೈ ನಡುಗಿರಲಿಲ್ಲ, ನೀನು ಕಣ್ಣು ಮುಚ್ಚಿ ಓಡಿಸಿರಲೂ ಇಲ್ಲ. ನಿಮ್ಮಿಬ್ಬರನ್ನು ಕೆಡವಿದ ಬೇರಿಂಗನ್ನು ನಾಲ್ಕು ವರ್ಷ ನೀರು ಕುಡಿಸಿ ಹಾಳು ಮಾಡಿದವನು ನಾನು.

ಹೊಸದನ್ನು ನಾನೇ ಹಾಕುತ್ತೇನೆ, ನೀನು ತೋರಿಸು ಎಂದು ಅವನಿಗೆ ಹೇಳಿದೆ. ಸೀಮೆಎಣ್ಣೆಯ ಬಟ್ಟೆಯಿಂದ ಗಾಲಿಯ ಹೊಟ್ಟೆ ಒರೆಸಿ ಒಣಗಿಸಿದೆ. ಗ್ರೀಸನ್ನು ಬೆರಳಲ್ಲಿ ತೆಗೆದುಕೊಂಡು ಗುಂಡುಗಳ ಸಂದಿಗೆ ಒತ್ತಿ ತುಂಬಿದೆ. ಹಿಂದೆ ಬಂಡಿಯ ಅಚ್ಚಿಗೆ ಕೀಲೆಣ್ಣೆ ಬಳಿದ ಕೈ ಇದು, ಸುರಿಯುವುದೇ ಅಭ್ಯಾಸ. "ಸಾಕ್ರಿ ಕಾಕಾ, ಜಾಸ್ತಿ ಆದ್ರ ಬ್ರೇಕಿಗಿ ಇಳಿತದ" ಎಂದು ತಡೆದ. ಬೇರಿಂಗ್ ಬಡಿದು ಕೂಡಿಸುವಾಗ ಪೆಟ್ಟು ಅದರ ಹೊರಗಿನ ಬಳೆಗೇ ಬೀಳಬೇಕು, ಒಳಗಿನದಕ್ಕೆ ಬಿದ್ದರೆ ಹೊಸದೂ ಕೆಡುತ್ತದಂತೆ. ಗಾಲಿಯ ಎರಡೂ ಬದಿಗೆ ಒಂದೊಂದು ಬೇರಿಂಗ್; ಮೊದಲನೆಯದು ಓರೆಯಾಗಿ ಹೋಯಿತು, ತೆಗೆದು ಮತ್ತೆ ಹಾಕಿದೆ. ಅವೆರಡರ ನಡುವೆ ಕೂಡಬೇಕಾದ ಪೈಪು ಮರೆತು ಎರಡನೆಯದನ್ನು ಬಡಿಯಲು ಹೊರಟಾಗ ಅವನು ಸುತ್ತಿಗೆಯನ್ನೇ ಹಿಡಿದುಕೊಂಡ. ಕೊನೆಗೆ ಗಾಲಿ ಕೂಡಿಸಿ ಒಮ್ಮೆ ತಿರುಗಿಸಿದರೆ ಸದ್ದೇ ಇಲ್ಲದೆ ಎಷ್ಟೋ ಹೊತ್ತು ತಿರುಗಿತು. ಅದನ್ನು ನೋಡುತ್ತ ನನಗೆ ಅಳು ಬಂತು ಬಾಲರಾಜ, ಅಂಗಡಿಯಲ್ಲಿ ಗಿರಾಕಿಗಳಿದ್ದರೂ ಅತ್ತೆ.

ಮನೆಯಲ್ಲಿ ಇನ್ನೂ ಹೇಳಿಲ್ಲ. ನೀನು ಕಣ್ಣು ಮುಚ್ಚಿ ಓಡಿಸಿದೆ ಎಂದೇ ನಿಮ್ಮವ್ವ ನಂಬಿದ್ದಾಳೆ, ಬಳಗವೂ ನಂಬಿದೆ, ನಾನು ಹೇಳಿದ್ದೇ ಹಾಗೆ. ನಿನಗೊಬ್ಬನಿಗೆ ಕಾಗದದಲ್ಲಿ ಬರೆಯುವುದು ಸುಲಭ. ಅವರ ಮುಂದೆ ಬಾಯಿ ಬಿಡಲು ಧೈರ್ಯ ಸಾಲುತ್ತಿಲ್ಲ. ಇಷ್ಟು ವರ್ಷ ದೊಡ್ಡವನೆನಿಸಿಕೊಂಡು ಬದುಕಿದವನಿಗೆ ಇದು ಕಷ್ಟ.

ಮೈ ಕಡೆ ನೋಡಿಕೋ. ನಮ್ಮ ಕುಲದೇವರು ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಮಾಣಿಕಪ್ಪ

ತಾ.ಕ.: ತಾಂಡೂರ್, ಮಂಗಳವಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಭಾನುವಾರ ಲಕೋಟೆ ಅಂಟಿಸುವ ಮೊದಲು ಮನಸ್ಸು ತಡೆಯದೆ ನಿಮ್ಮವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು, "ಇದು ಟಪಾಲಿಗಿ ಹಾಕಬ್ಯಾಡ್ರಿ. ಅವತ್ತ ಅವನಿಗಿ ಟಪಾಲದಾಗ ಹೊಡದಿದ್ರೇನು?" ಎಂದಳು. ನಿನ್ನೆ, ಅವತ್ತು ಆಸ್ಪತ್ರೆಯ ಬಾಗಿಲಲ್ಲಿದ್ದವರನ್ನೆಲ್ಲ ಮನೆಗೆ ಕರೆದು, ತಪ್ಪು ನನ್ನದು, ಹುಡುಗನದಲ್ಲ ಎಂದು ಹೇಳಿದ್ದೇನೆ. ಇವತ್ತು ನಸುಕಿನಲ್ಲೇ ಗಾಡಿ ತೆಗೆದುಕೊಂಡು ಹೊರಟೆ. ಜಹೀರಾಬಾದಿನಲ್ಲಿ ನಿಂತು ಗಾಲಿಯ ನಡುವೆ ಕೈಯಿಟ್ಟು ನೋಡಿದೆ, ಬಿಸಿಯಾಗಿರಲಿಲ್ಲ, ಬೇರಿಂಗ್ ಸರಿಯಾಗಿಯೇ ಕೂತಿದೆ. ಈಗ ನಿಮ್ಮ ಫ್ಯಾಕ್ಟರಿಯ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೇನೆ, ಕಾಗದವನ್ನು ವಾಚ್‌ಮನ್ ಕೈಯಲ್ಲಿ ಕಳಿಸುತ್ತೇನೆ. ಗಾಡಿಯ ಚಾವಿ ಲಕೋಟೆಯ ಒಳಗೇ ಇದೆ. ನೀನು ಬಂದರೆ ನೀನೇ ಓಡಿಸು, ನಾನು ಹಿಂದೆ ಕೂಡುತ್ತೇನೆ. ಬರಲು ಮನಸ್ಸಾಗದಿದ್ದರೆ ಚಾವಿ ವಾಪಸು ಕಳಿಸಬೇಡ. ಗಾಡಿ ಇಲ್ಲೇ ಗೇಟಿನ ಹತ್ತಿರ ಬಿಟ್ಟು ನಾನು ಬಸ್ಸಿಗೆ ಹೋಗುತ್ತೇನೆ.